ಹೋರಿಗೆ ಇರುವ ಪರೀಕ್ಷೆ ನಾಯಿಗೇಕಿಲ್ಲ?

ಕುಷ್ಟಗಿಯದೋ ಯಲಬುರ್ಗಾದ್ದೋ ಯಾವುದೇ ಹಳ್ಳಿಯಲ್ಲಿ ಬೆದೆಗೆ ಬಂದ ಆಕಳಿಗೆ ಕೃತಕ ಗರ್ಭಧಾರಣೆ ಮಾಡಿಸುವ ರೈತನಿಗೆ, ಆ ಪುಟ್ಟ ವೀರ್ಯನಳಿಕೆಯ ಹಿಂದೆ ಎಷ್ಟು ಪರೀಕ್ಷೆಗಳಿವೆ ಎಂಬುದು ತಿಳಿದಿರಲಿಕ್ಕಿಲ್ಲ. ಹೆಸರಘಟ್ಟದಂಥ ವೀರ್ಯ ಸಂಗ್ರಹಣಾ ಕೇಂದ್ರಗಳಲ್ಲಿರುವ ಹೋರಿಗಳು ಕ್ಷಯ, ಕಂದುರೋಗ ಮುಂತಾದ ಸೋಂಕುಗಳ ಪರೀಕ್ಷೆಗೆ ಒಳಪಡುತ್ತವೆ. ಅಷ್ಟೇ ಅಲ್ಲ, ಹೊರನೋಟಕ್ಕೆ ದಷ್ಟಪುಷ್ಟವಾಗಿದ್ದೂ ರಕ್ತದೊಳಗೆ ದೋಷವನ್ನು ಹೊತ್ತು ಕರುವಿಗೆ ದಾಟಿಸಬಲ್ಲ ಹೋರಿಗಳನ್ನು ಗುರುತಿಸಲು ಬಿಎಲ್‌ಎಡಿ, ಸಿಟ್ರುಲಿನೇಮಿಯಾದಂಥ ಆನುವಂಶಿಕ ಕಾಯಿಲೆಗಳ ಪರೀಕ್ಷೆಯೂ ಕೇಂದ್ರ ಸರ್ಕಾರದ ಮಾನದಂಡದಲ್ಲಿಯೇ ಸೇರಿದೆ. ಪರೀಕ್ಷೆಯಲ್ಲಿ ಸೋತ ಹೋರಿ ಎಷ್ಟೇ ಸುಂದರವಾಗಿದ್ದರೂ ಅದರ ವಂಶ ಅಲ್ಲಿಗೆ ನಿಲ್ಲುತ್ತದೆ.

ಕೆಲವು ಸಾವಿರ ರೂಪಾಯಿಯ ಕರುವಿನ ವಿಷಯದಲ್ಲಿ ಇಷ್ಟು ಎಚ್ಚರ ವಹಿಸುವ ನಾವು, ಅದಕ್ಕಿಂತ ಎಷ್ಟೋ ಪಟ್ಟು ಹಣ ತೆತ್ತು ಮನೆಯೊಳಗೆ ತಂದುಕೊಳ್ಳುವ ನಾಯಿಮರಿಯ ವಿಷಯದಲ್ಲಿ ಒಂದೇ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲವಲ್ಲ ಎಂಬುದು ನನ್ನ ಬಹುದಿನದ ಅಚ್ಚರಿ. ಪಶುವೈದ್ಯನಾಗಿ ಕೊಪ್ಪಳ ಜಿಲ್ಲೆಯ ಹಳೆಯ ನಾಲ್ಕು ತಾಲ್ಲೂಕುಗಳಲ್ಲಿ ಓಡಾಡಿದವನು ನಾನು. ಮೊದಲೆಲ್ಲ ಇಲ್ಲಿ ನಾಯಿಯೆಂದರೆ ಹೊಲ ಕಾಯುವುದು, ಕುರಿಹಿಂಡಿನ ಜೊತೆ ನಡೆಯುವುದು, ಇಲ್ಲವೇ ಅಂಗಳದಲ್ಲಿ ಬಿದ್ದಿರುವುದು. ತುಂಗಭದ್ರೆಯ ನೀರು ಮತ್ತು ಭತ್ತ ಗಂಗಾವತಿಗೆ ತಂದ ಸಿರಿತನದ ಜೊತೆಗೆ ಪಮೇರಿಯನ್, ಆಲ್ಸೇಷಿಯನ್‌ಗಳು ಬಂದವು, ನಂತರ ಲ್ಯಾಬ್ರಡಾರ್, ಈಗ ಬೆಂಗಳೂರಿನಿಂದ, ಹೈದರಾಬಾದಿನಿಂದ ಲ್ಯಾಬ್ರಡೂಡಲ್. ಲ್ಯಾಬ್ರಡಾರ್ ಮತ್ತು ಪೂಡಲ್‌ಗಳ ಮಿಶ್ರಸಂತಾನವಾದ ಈ ಗುಂಗುರುಗೂದಲಿನ ಪ್ರಾಣಿಯನ್ನು ಮೊಬೈಲ್ ಫೋನಿನ ಪರದೆಯ ಮೇಲೆ ನೋಡಿ, ಮುಂಗಡ ಕಟ್ಟಿ, ರಾತ್ರಿ ಬಸ್ಸಿನಲ್ಲಿ ರಟ್ಟಿನ ಪೆಟ್ಟಿಗೆಯಲ್ಲಿ ತರಿಸಿಕೊಳ್ಳುವವರೂ ಇದ್ದಾರೆ.

ಅಂಥ ಒಂದು ಮರಿ ವರ್ಷ ತುಂಬುವ ಹೊತ್ತಿಗೆ ಮೆಟ್ಟಿಲು ಹತ್ತಲಾರದೆ ಹಿಂಗಾಲೆಳೆಯತೊಡಗಿದಾಗ ಮನೆಯವರು ನನ್ನ ಬಳಿ ಬಂದಿದ್ದರು. ಎಕ್ಸ್-ರೇ ತೆಗೆಸಿದಾಗ ಸೊಂಟದ ಕೀಲಿನ ಗುಂಡು ತನ್ನ ಗುಳಿಯಲ್ಲಿ ಸರಿಯಾಗಿ ಕೂತಿರಲೇ ಇಲ್ಲ. ಮಾರಿದವರಿಗೆ ದೂರವಾಣಿ ಮಾಡಿ ತಾಯಿ, ತಂದೆಯ ಕೀಲಿನ ಎಕ್ಸ್-ರೇ ಉಂಟೇ ಎಂದು ಕೇಳಿದೆ. ಅಂಥದ್ದೊಂದು ಇರುತ್ತದೆ ಎಂಬುದೇ ಅವರಿಗೆ ಹೊಸ ಸುದ್ದಿ. ‘ಕ್ರಾಸ್ ತಳಿ ಸಾರ್, ಅದಕ್ಕೆ ರೋಗವೇ ಬರುವುದಿಲ್ಲ’ ಎಂದು ಭರವಸೆ ಕೊಟ್ಟರು.

ಈ ಭರವಸೆಯನ್ನು ಸ್ವಲ್ಪ ಪರಿಶೀಲಿಸೋಣ.

ಲ್ಯಾಬ್ರಡೂಡಲ್ ಹುಟ್ಟಿದ್ದು ಶೋಕಿಗಾಗಿ ಅಲ್ಲ. ಆಸ್ಟ್ರೇಲಿಯಾದ ರಾಯಲ್ ಗೈಡ್ ಡಾಗ್ಸ್ ಸಂಸ್ಥೆಯಲ್ಲಿ ಅಂಧರಿಗಾಗಿ ಮಾರ್ಗದರ್ಶಿ ನಾಯಿಗಳನ್ನು ಬೆಳೆಸುತ್ತಿದ್ದ ವಾಲಿ ಕಾನ್ರನ್ ಅವರಿಗೆ ಹವಾಯಿ ದ್ವೀಪದಿಂದ ಒಂದು ಕೋರಿಕೆ ಬಂತು. ದೃಷ್ಟಿ ಇಲ್ಲದ ಮಹಿಳೆಗೆ ನಾಯಿ ಬೇಕು. ಆದರೆ ಆಕೆಯ ಪತಿಗೆ ನಾಯಿಯ ಕೂದಲೆಂದರೆ ಅಲರ್ಜಿ. ಕೂದಲು ಉದುರಿಸದ ಪೂಡಲ್‌ಗಳನ್ನು ತರಬೇತುಗೊಳಿಸುವ ಯತ್ನಗಳು ಫಲಿಸದೆ, 1989ರ ಸುಮಾರಿಗೆ ಅವರು ಲ್ಯಾಬ್ರಡಾರ್ ಮತ್ತು ಪೂಡಲ್‌ಗಳನ್ನು ಕೂಡಿಸಿದರು. ಮೂರು ಮರಿಗಳು ಹುಟ್ಟಿದವು. ಮೂರರ ಕೂದಲು ಮತ್ತು ಜೊಲ್ಲಿನ ಮಾದರಿಗಳನ್ನು ಹವಾಯಿಗೆ ಕಳಿಸಿ ಪರೀಕ್ಷಿಸಿದಾಗ ಆ ಪತಿಗೆ ಒಗ್ಗಿದ್ದು ಒಂದೇ ಒಂದು. ಅಂದರೆ ಮೊದಲ ಸೂಲಿನಲ್ಲೇ ಮೂರರಲ್ಲಿ ಎರಡು ಆ ಪರೀಕ್ಷೆಯಲ್ಲಿ ಸೋತಿದ್ದವು. ಉಳಿದ ಮರಿಗಳಿಗೆ ಮನೆ ಹುಡುಕಹೊರಟಾಗ ಮಿಶ್ರತಳಿಯೆಂಬ ಕಾರಣಕ್ಕೆ ಯಾರೂ ಮುಂದೆ ಬರಲಿಲ್ಲ. ಆಗ ಕಾನ್ರನ್ ‘ಲ್ಯಾಬ್ರಡೂಡಲ್’ ಎಂಬ ಹೆಸರನ್ನು ಕಟ್ಟಿದರು. ಹೆಸರು ಬಂದೊಡನೆ ಬೇಡಿಕೆಯೂ ಬಂತು. ಆರೋಗ್ಯ ನೋಡದೆ ಸಿಕ್ಕಸಿಕ್ಕ ನಾಯಿಗಳನ್ನು ಕೂಡಿಸಿ ಮಾರುವವರನ್ನು ಕಂಡು ನೊಂದ ಅವರು, 2019ರಲ್ಲಿ ಆಸ್ಟ್ರೇಲಿಯಾದ ಎಬಿಸಿ ಸಂದರ್ಶನದಲ್ಲಿ, ತಾವು ಮಾಡಿದ್ದಕ್ಕೆ ಬಹಿರಂಗವಾಗಿಯೇ ವಿಷಾದ ವ್ಯಕ್ತಪಡಿಸಿದರು.

ಅಲರ್ಜಿಯ ಮಾತನ್ನೂ ಇಲ್ಲಿಯೇ ಮುಗಿಸಿಬಿಡುತ್ತೇನೆ. 2012ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಲ್ಯಾಬ್ರಡೂಡಲ್, ಪೂಡಲ್ ಮುಂತಾದ ‘ಅಲರ್ಜಿರಹಿತ’ ನಾಯಿಗಳ ಕೂದಲನ್ನು ಮತ್ತು ಅವುಗಳಿರುವ ಮನೆಗಳ ಗಾಳಿಯನ್ನು ಅಳೆದು ನೋಡಿದರು. ಕೂದಲಿನಲ್ಲಿ ಅಲರ್ಜಿಕಾರಕ ಅಂಶ ಬೇರೆ ನಾಯಿಗಳಿಗಿಂತ ಕಡಿಮೆ ಇರಲಿಲ್ಲ. ಗಾಳಿಯಲ್ಲಿಯೂ ವ್ಯತ್ಯಾಸ ಕಾಣಲಿಲ್ಲ. ಇನ್ನು ಬೇಸಿಗೆಯಲ್ಲಿ ನಲವತ್ತು ಡಿಗ್ರಿ ಮುಟ್ಟುವ ನಮ್ಮ ಸೀಮೆಯಲ್ಲಿ ಆ ದಟ್ಟ ಗುಂಗುರುಗೂದಲು ಜಡೆಗಟ್ಟಿ, ಅದರಡಿಯ ಚರ್ಮ ಹುಣ್ಣಾಗುವುದನ್ನು ಕಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಮಿಶ್ರತಳಿಗೆ ರೋಗ ಕಡಿಮೆ ಎಂಬ ಮಾತು ಪೂರ್ತಿ ಸುಳ್ಳಲ್ಲ. ಅದಕ್ಕೇ ಅದು ಅಪಾಯಕಾರಿ. ಸಂಕರದಿಂದ ಬರುವ ಕಸುವು ನಮ್ಮ ರೈತರಿಗೆ ಗೊತ್ತಿರುವ ಸಂಗತಿಯೇ. ಸಂಕರಣ ಜೋಳ, ಸಂಕರಣ ಹತ್ತಿಗಳಲ್ಲಿ ಅದನ್ನು ಕಂಡಿದ್ದಾರೆ. ಆದರೆ ಅದು ಕೆಲಸ ಮಾಡುವ ಬಗೆಯನ್ನು ಗಮನಿಸಬೇಕು. ಅನೇಕ ಆನುವಂಶಿಕ ಕಾಯಿಲೆಗಳು ಕಾಣಿಸಿಕೊಳ್ಳುವುದು ದೋಷಯುಕ್ತ ವಂಶವಾಹಿಯ ಪ್ರತಿಯೊಂದು ತಾಯಿಯಿಂದಲೂ ಇನ್ನೊಂದು ತಂದೆಯಿಂದಲೂ ಬಂದಾಗ ಮಾತ್ರ. ಒಂದೇ ಪ್ರತಿ ಇರುವ ನಾಯಿ ಆರೋಗ್ಯವಾಗಿಯೇ ಇರುತ್ತದೆ, ಆದರೆ ದೋಷವನ್ನು ಮುಂದಕ್ಕೆ ಸಾಗಿಸುತ್ತದೆ. ಎರಡು ಬೇರೆ ತಳಿಗಳಲ್ಲಿ ಬೇರೆ ಬೇರೆ ದೋಷಗಳಿದ್ದರೆ, ಮೊದಲ ತಲೆಮಾರಿನ ಮಿಶ್ರಸಂತಾನದಲ್ಲಿ ಅವು ಮರೆಯಾಗುತ್ತವೆ ನಿಜ. ಎರಡೂ ತಳಿಗಳಲ್ಲಿ ಅದೇ ದೋಷವಿದ್ದರೆ?

ಲ್ಯಾಬ್ರಡಾರ್ ಮತ್ತು ಪೂಡಲ್‌ಗಳ ಸಂಗತಿ ಇದೇ. ಕಣ್ಣಿನ ಅಕ್ಷಿಪಟಲ ಮೆಲ್ಲಮೆಲ್ಲನೆ ಸವೆದು ಕುರುಡು ತರುವ ‘ಪಿಆರ್‌ಎ’ ಕಾಯಿಲೆಯ ಒಂದೇ ರೂಪ ಎರಡೂ ತಳಿಗಳಲ್ಲಿದೆ. ಎರಡೂ ಕಡೆ ವಾಹಕಗಳಿದ್ದರೆ ಪ್ರತಿ ಮರಿಗೂ ಕುರುಡಾಗುವ ಸಂಭವ ನಾಲ್ಕರಲ್ಲೊಂದು. ಕುರುಡು ಬರುವುದು ಹುಟ್ಟಿದ ಕೂಡಲೇ ಅಲ್ಲ, ವರ್ಷಗಳ ನಂತರ. ಅಷ್ಟರಲ್ಲಿ ಆ ನಾಯಿಯೂ ಮರಿ ಹಾಕಿರುತ್ತದೆ. ಸೊಂಟದ ಕೀಲಿನ ದೋಷವೂ ಎರಡೂ ತಳಿಗಳಲ್ಲಿ ಉಂಟು. ಮಿಶ್ರಸಂತಾನವನ್ನು ಮತ್ತೆ ಪೂಡಲ್‌ಗೇ ಕೂಡಿಸಿ ಹೆಚ್ಚು ಗುಂಗುರು ಬರಿಸಿದಾಗ, ಪೂಡಲ್‌ನ ದೋಷಗಳೂ ಜೋಡಿಯಾಗಿ ಮರಳಲು ದಾರಿಯಾಗುತ್ತದೆ. ಲಂಡನ್ನಿನ ರಾಯಲ್ ವೆಟರಿನರಿ ಕಾಲೇಜಿನ ಸಂಶೋಧಕರು 2024ರಲ್ಲಿ ಪ್ರಕಟಿಸಿದ, ಒಂಬತ್ತು ಸಾವಿರಕ್ಕೂ ಹೆಚ್ಚು ನಾಯಿಗಳ ಅಧ್ಯಯನದಲ್ಲಿ ಲ್ಯಾಬ್ರಡೂಡಲ್ ಸೇರಿದಂತೆ ಪೂಡಲ್ ಮೂಲದ ಮೂರು ಮಿಶ್ರತಳಿಗಳನ್ನು ಅವುಗಳ ಮೂಲತಳಿಗಳೊಡನೆ ಹೋಲಿಸಲಾಯಿತು. ಶೇ 86.6ರಷ್ಟು ಹೋಲಿಕೆಗಳಲ್ಲಿ ರೋಗದ ಸಂಭವದಲ್ಲಿ ವ್ಯತ್ಯಾಸವೇ ಇರಲಿಲ್ಲ. ಮಿಶ್ರತಳಿ ಕೆಟ್ಟದ್ದೆಂದು ಇದು ಹೇಳುವುದಿಲ್ಲ. ‘ರೋಗವೇ ಬರುವುದಿಲ್ಲ’ ಎಂಬ ವ್ಯಾಪಾರದ ಮಾತನ್ನು ಮಾತ್ರ ಅಳಿಸಿಹಾಕುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ಮರಿ ಹಾಕಿಸುವ ಮೊದಲು ತಾಯಿ, ತಂದೆ ಎರಡಕ್ಕೂ ಸೊಂಟ ಮತ್ತು ಮೊಣಕೀಲಿನ ಎಕ್ಸ್-ರೇ, ಕಣ್ಣಿನ ತಪಾಸಣೆ, ಪಿಆರ್‌ಎಗೆ ಡಿಎನ್‌ಎ ಪರೀಕ್ಷೆ. ಲ್ಯಾಬ್ರಡಾರ್ ಆದರೆ ಓಟದ ನಡುವೆ ಕುಸಿದುಬೀಳುವ ‘ಇಐಸಿ’ ದೋಷದ ಪರೀಕ್ಷೆಯೂ ಸೇರಿ. ಡಿಎನ್‌ಎ ಪರೀಕ್ಷೆಗೆ ಕೆನ್ನೆಯ ಒಳಭಾಗವನ್ನು ಹತ್ತಿಯಿಂದ ಒರೆಸಿ ಅಂಚೆಯಲ್ಲಿ ಕಳಿಸಿದರೂ ಸಾಕು. ಅಮೆರಿಕದಲ್ಲಿ 1966ರಿಂದ ಕೀಲುಗಳ ದಾಖಲೆ ಇಡುತ್ತಿರುವ ಸಂಸ್ಥೆಯು ಎರಡು ವರ್ಷ ತುಂಬುವ ಮುನ್ನ ನಾಯಿಯ ಕೀಲಿಗೆ ಅಂತಿಮ ಪ್ರಮಾಣಪತ್ರ ಕೊಡುವುದಿಲ್ಲ. ವಾಹಕವೆಂದು ತಿಳಿದ ನಾಯಿಯನ್ನು ದೂರ ತಳ್ಳಬೇಕೆಂದೂ ಇಲ್ಲ. ದೋಷವಿಲ್ಲದ ಜೊತೆಗೆ ಕೂಡಿಸಿದರೆ ಯಾವ ಮರಿಯೂ ಆ ಕಾಯಿಲೆಗೆ ತುತ್ತಾಗದು. ಕೀಲಿನ ವಿಷಯ ಇಷ್ಟು ಸರಳವಲ್ಲ, ಒಳ್ಳೆಯ ಕೀಲಿನ ತಂದೆತಾಯಿಗಳಿಗೂ ಕುಂಟು ಮರಿ ಹುಟ್ಟುವುದುಂಟು; ಸಂಭವ ಕಡಿಮೆಯಾಗುತ್ತದೆ, ಅಷ್ಟೇ. ವಂಶಾವಳಿಯ ಕಾಗದವನ್ನು ಮುಂದೆ ಹಿಡಿಯುವವರಿಗೂ ಒಂದು ಮಾತು: ಅದು ಯಾರ ಮಗ ಎಂಬುದನ್ನು ಹೇಳುತ್ತದೆ, ಸೊಂಟ ಹೇಗಿದೆ ಎಂಬುದನ್ನಲ್ಲ.

ಇದೆಲ್ಲ ವಿದೇಶದ ಮಾತು ಎನ್ನುವವರು ನಮ್ಮ ಕುರಿಗಾರರನ್ನು ಕೇಳಬೇಕು. ಗಂಗಾವತಿ, ಸಿಂಧನೂರು, ಲಿಂಗಸುಗೂರು ಸೀಮೆಯ ಕೆಂಗುರಿ ಕುರಿ ಒಂದು ಮಾನ್ಯತೆ ಪಡೆದ ತಳಿ. ಅದರ ಟಗರನ್ನು ಆರಿಸುವ ಹಿರಿಯ ಕುರುಬ, ಟಗರಿನ ಮೈಕಟ್ಟಿಗಿಂತ ಮೊದಲು ಅದರ ತಾಯಿಯ ಕೆಚ್ಚಲನ್ನು ಕೇಳುತ್ತಾನೆ. ಒಂದೇ ಟಗರು ತನ್ನ ಹೆಣ್ಣುಮರಿಗಳನ್ನೇ ಹಾಯದಂತೆ ಬೇರೆ ಹಿಂಡಿನೊಡನೆ ಅದಲುಬದಲು ಮಾಡಿಕೊಳ್ಳುವುದನ್ನು ಯಲಬುರ್ಗಾದ ಕಡೆ ನಾನೇ ಕಂಡಿದ್ದೇನೆ. ಡಿಎನ್‌ಎ ಎಂಬ ಪದ ಅವನಿಗೆ ಬೇಕಾಗಿಲ್ಲ. ಆದರೆ ಅವನ ಪದವೀಧರ ಮಗ ನಾಯಿಮರಿ ಕೊಳ್ಳುವಾಗ ಕೇಳುವುದು ಬಣ್ಣವನ್ನು!

ಈ ಚರ್ಚೆ ನಮಗೆ ನಿಜಕ್ಕೂ ಮುಖ್ಯವಾಗುವುದು ಲ್ಯಾಬ್ರಡೂಡಲ್‌ನಿಂದಲ್ಲ, ಕುಷ್ಟಗಿಯ ಗಡಿ ದಾಟಿದರೆ ಸಿಗುವ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯಿಂದ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ ಅವರು ಪೋಷಿಸಿ, ಬ್ರಿಟನ್ನಿನ ದೊರೆ ಐದನೆಯ ಜಾರ್ಜ್‌ಗೆ ಜೋಡಿಯನ್ನು ಕಾಣಿಕೆಯಾಗಿ ಕೊಟ್ಟ ತಳಿ ಇದು. 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು. ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇದಕ್ಕಾಗಿ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವನ್ನೇ ತೆರೆದಿದೆ. 2016ರಲ್ಲಿ ಇಲ್ಲಿನ ಮರಿಗಳು ಸೇನೆಯ ಮೀರತ್ ಕೇಂದ್ರಕ್ಕೆ ಹೋದವು. 2020ರ ಆಗಸ್ಟ್‌ನಲ್ಲಿ ಪ್ರಧಾನಿಯವರು ‘ಮನ್ ಕಿ ಬಾತ್’ನಲ್ಲಿ ಹೆಸರೆತ್ತಿದ ಮೇಲೆ ದೇಶದೆಲ್ಲೆಡೆ ಬೇಡಿಕೆ ಹುಟ್ಟಿತು. ಕರ್ನಾಲ್‌ನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆ ತಳಿಯಾಗಿ ನೋಂದಾಯಿಸಿತು. 2024ರ ಅಖಿಲ ಭಾರತ ಪೊಲೀಸ್ ಕರ್ತವ್ಯ ಕೂಟದಲ್ಲಿ ಗಡಿ ಭದ್ರತಾ ಪಡೆಯ ‘ರಿಯಾ’ ಎಂಬ ಮುಧೋಳ ನಾಯಿ ವಿದೇಶಿ ತಳಿಗಳನ್ನು ಹಿಂದಿಕ್ಕಿ ಬಹುಮಾನ ಗೆದ್ದಿತು. ಹೆಮ್ಮೆಪಡಬೇಕಾದದ್ದೇ.

ಲ್ಯಾಬ್ರಡೂಡಲ್‌ನ ಕಥೆ ಎಚ್ಚರಿಸುವುದು ಇಲ್ಲಿ. ಹೆಸರು ಬಂದ ಮೇಲೆ ಬೇಡಿಕೆ, ಬೇಡಿಕೆ ಬಂದ ಮೇಲೆ ಅವಸರ. ಸಂಖ್ಯೆ ಕಡಿಮೆಯಿರುವ ತಳಿಯಲ್ಲಿ ಬಹುಮಾನ ಗೆದ್ದ ಒಂದೇ ಗಂಡನ್ನು ಎಲ್ಲರೂ ಬಳಸಿದರೆ, ಮೂರು ತಲೆಮಾರಿನಲ್ಲಿ ಊರಿನ ನಾಯಿಗಳೆಲ್ಲ ಅಣ್ಣತಂಗಿಯರಾಗುತ್ತವೆ. ಮುಧೋಳದಂಥ ಓಟದ ನಾಯಿಗಳಲ್ಲಿ ಸೊಂಟದ ದೋಷ ವಿರಳ. ಹಾಗಾಗಿ ಲ್ಯಾಬ್ರಡಾರ್‌ನ ಪರೀಕ್ಷಾಪಟ್ಟಿಯನ್ನೇ ಇಲ್ಲಿಗೆ ತಂದು ಹೇರುವುದರಲ್ಲಿ ಅರ್ಥವಿಲ್ಲ. ಇಲ್ಲಿ ಬೇಕಾದದ್ದು ಹೃದಯ ಮತ್ತು ಕಣ್ಣಿನ ತಪಾಸಣೆ, ಅದಕ್ಕಿಂತ ಮುಖ್ಯವಾಗಿ ಯಾವುದು ಯಾವುದರ ಮಗಳು ಎಂಬ ನಂಬಿಕಸ್ಥ ದಾಖಲೆ. ಮರಿ ಮಾರಿ ಬದುಕುವ ಆ ಭಾಗದ ರೈತ ಕುಟುಂಬಗಳ ಆದಾಯ ನಿಂತಿರುವುದೇ ಆ ದಾಖಲೆಯ ಮೇಲೆ. ತಳಿಯ ಮೇಲೆ ನಂಬಿಕೆ ಒಮ್ಮೆ ಕುಸಿದರೆ ಅದರ ಪೆಟ್ಟು ಬೆಂಗಳೂರಿನ ಕೊಳ್ಳುವವನಿಗಲ್ಲ, ಲೋಕಾಪುರದ ಮಾರುವವನಿಗೆ.

ಕಾನೂನು ಇಲ್ಲವೆಂದಲ್ಲ. 2017ರ ಶ್ವಾನ ಸಂತಾನೋತ್ಪತ್ತಿ ಮತ್ತು ಮಾರಾಟ ನಿಯಮಗಳ ಪ್ರಕಾರ ನಾಯಿಮರಿ ಮಾಡಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಹೆಣ್ಣುನಾಯಿಗೆ ಹದಿನೆಂಟು ತಿಂಗಳು ತುಂಬಿರಬೇಕು, ಪಶುವೈದ್ಯರು ದೃಢೀಕರಿಸಿರಬೇಕು, ಬೆದೆ ಬಂದಾಗಲೆಲ್ಲ ಬೆನ್ನುಬೆನ್ನಿಗೆ ಮರಿ ಹಾಕಿಸಕೂಡದು, ಜೀವಮಾನದಲ್ಲಿ ಐದು ಸೂಲಿಗಿಂತ ಹೆಚ್ಚು ಸಲ್ಲದು. ನಮ್ಮಲ್ಲಿ ಮಾರುವುದು ನಲವತ್ತೈದು ದಿನದ ಮರಿಗಳನ್ನು. ಎಷ್ಟೋ ಸಲ ಅದಕ್ಕೂ ಮುಂಚೆ. ತಾಯಿಹಾಲಿನ ರಕ್ಷೆ ಕರಗುತ್ತಿರುವ, ಲಸಿಕೆಯ ರಕ್ಷೆ ಇನ್ನೂ ಕೂಡಿಬರದ ಆ ವಾರಗಳಲ್ಲಿ ಬಸ್ಸಿನಲ್ಲಿ ಹನ್ನೆರಡು ಗಂಟೆ ಪಯಣಿಸಿದ ಮರಿ ಪಾರ್ವೋ ಭೇದಿಯಿಂದ ಸತ್ತರೆ ಮಾರಿದವರು ‘ನಿಮ್ಮ ಊರಿನ ನೀರು’ ಎನ್ನುತ್ತಾರೆ. 2024ರ ಮಾರ್ಚ್‌ನಲ್ಲಿ ಕೇಂದ್ರವು ಇಪ್ಪತ್ತಮೂರು ತಳಿಗಳನ್ನು ‘ಕ್ರೂರ’ವೆಂದು ನಿಷೇಧಿಸುವ ಸುತ್ತೋಲೆ ಹೊರಡಿಸಿತು, ಮರುತಿಂಗಳೇ ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಗೊಳಿಸಿತು. ತಳಿಯ ಹೆಸರು ಹಿಡಿದು ನಿಷೇಧಿಸುವುದು ಸುಲಭ. ಇರುವ ನಿಯಮವನ್ನು ಹಿತ್ತಲಿನ ಪಂಜರದವರೆಗೆ ಒಯ್ಯುವುದೇ ಕಷ್ಟ.

ಬರಗಾಲದ ಜಿಲ್ಲೆಯಲ್ಲಿ ಉಳ್ಳವರ ನಾಯಿಯ ಚಿಂತೆಯೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. ಆದರೆ ಉಳ್ಳವರು ಬೇಸತ್ತ ನಾಯಿ ಎಲ್ಲಿ ಹೋಗುತ್ತದೆ? ಕುಂಟು ನಾಯಿಯನ್ನು ಹೆದ್ದಾರಿಯ ಡಾಬಾ ಬಳಿ ಇಳಿಸಿ ಹೋದದ್ದನ್ನು ಕಂಡಿದ್ದೇನೆ. ಬೀದಿನಾಯಿಗಳ ಬಗ್ಗೆ ಸುಪ್ರೀಂ ಕೋರ್ಟಿನವರೆಗೆ ವಾದ ನಡೆದ ಈ ಕಾಲದಲ್ಲಿ ಅವುಗಳ ಸಂಖ್ಯೆಗೆ ನಾವು ಸೇರಿಸುತ್ತಿರುವುದೆಷ್ಟು ಎಂಬ ಲೆಕ್ಕವೂ ಬೇಕು. ಕಿನ್ನಾಳದ ಗೊಂಬೆ ಮುಕ್ಕಾದರೆ ಅಟ್ಟದ ಮೇಲಿಡಬಹುದು. ಇದು ಹನ್ನೆರಡು ವರ್ಷ ಉಸಿರಾಡುವ ಪ್ರಾಣಿ.

ನನ್ನ ಸಲಹೆ ದೊಡ್ಡದೇನಲ್ಲ, ಹೊಸ ಕಾಯ್ದೆಯೂ ಬೇಡ. ತಾಲ್ಲೂಕಿನ ಪಶು ಆಸ್ಪತ್ರೆಯ ಸೂಚನಾ ಫಲಕದಲ್ಲಿ, ನೋಂದಾಯಿತ ಶ್ವಾನ ತಳಿಗಾರರ ಹೆಸರು ಮತ್ತು ನೋಂದಣಿ ಸಂಖ್ಯೆಯನ್ನು ಪಶುಸಂಗೋಪನಾ ಇಲಾಖೆ ಹಾಕಲಿ. ಪಟ್ಟಿ ಖಾಲಿಯಿದ್ದರೆ ಖಾಲಿ ಎಂದೇ ಬರೆಯಲಿ. ಕೀಲಿನ ಎಕ್ಸ್-ರೇಯನ್ನು ಒಪ್ಪಿತ ಭಂಗಿಯಲ್ಲಿ ತೆಗೆದು ಅಂಕ ಕೊಡುವ ತರಬೇತಿಯನ್ನು ಗದಗದ ಪಶುವೈದ್ಯಕೀಯ ಕಾಲೇಜು ಈ ಭಾಗದ ವೈದ್ಯರಿಗೆ ನೀಡಲಿ. ತಿಮ್ಮಾಪುರದಿಂದ ಹೊರಡುವ ಪ್ರತಿ ಮರಿಯ ಜೊತೆಗೆ ತಂದೆತಾಯಿಗಳ ತಪಾಸಣೆಯ ವರದಿಯೂ ಹೋಗಲಿ. ಸರ್ಕಾರಿ ಕೇಂದ್ರವೇ ಹಾಗೆ ಮಾಡಿದರೆ ಪಕ್ಕದ ಖಾಸಗಿಯವರಿಗೆ ಬೇರೆ ದಾರಿ ಇರುವುದಿಲ್ಲ. ಕೊಳ್ಳುವವರು ಮುಂಗಡ ಕೊಡುವ ಮುನ್ನ ತಾಯಿನಾಯಿಯನ್ನು ಅದು ಇರುವ ಜಾಗದಲ್ಲಿಯೇ ನೋಡಬೇಕೆಂದು ಪಟ್ಟುಹಿಡಿಯಲಿ. ತೋರಿಸಲಾಗದು ಎಂಬ ಉತ್ತರ ಬಂದರೆ ಫೋನ್ ಕೆಳಗಿಟ್ಟು ಬೇರೆಡೆ ಹುಡುಕಲಿ.