ಬೋರ್ ಮೋಟರ್ ಎತ್ತೋ ಕೈಗೆ ಕಾರಿನ ಆಕ್ಸಲ್ ಭಾರವೇ?

ನಮ್ಮ ಕಡೆ ರೈತರಲ್ಲಿ ಒಂದು ವಿಚಿತ್ರ ನೋಡ್ತಾ ಇದೀನಿ. ನೂರಾರು ಅಡಿ ಆಳದಿಂದ ಬೋರ್ ಮೋಟರ್ ಎತ್ತಿ, ಕೇಬಲ್ ಜಾಯಿಂಟ್ ಬಿಗಿದು, ಕರೆಂಟ್ ಬರೋ ಹೊತ್ತಿಗೆ ಮತ್ತೆ ಇಳಿಸೋ ಮನುಷ್ಯ, ಮನೆ ಮುಂದೆ ನಿಂತಿರೋ ಹಳೇ ಆಲ್ಟೋ ಕೆಳಗೆ ಬಗ್ಗಿ ನೋಡೋಕೆ ಹೆದರ್ತಾನೆ. ರೋಟವೇಟರ್ ಬ್ಲೇಡು ತಾನೇ ಬದಲಾಯಿಸ್ತಾನೆ, ಪಿಟಿಒ ಶಾಫ್ಟಿನ ಕ್ರಾಸ್ ಹೊಲದಲ್ಲೇ ಕೂತು ಹೊಡೆದು ಹಾಕ್ತಾನೆ. ಕಾರಿನ ಮಾತು ಬಂದ್ರೆ ಮಾತ್ರ "ಅದು ನಮ್ಮಂಥೋರ ಕೈಲಾಗೋ ಕೆಲಸ ಅಲ್ಲ ಬಿಡಿ" ಅಂತಾನೆ. ಈ ಮಾತು ಸುಳ್ಳು ಕಣ್ರೀ. ಸುಳ್ಳು ಅಷ್ಟೇ ಅಲ್ಲ, ನಮಗೆ ಯಾರೋ ಕಲಿಸಿಕೊಟ್ಟಿರೋ ಸುಳ್ಳು.

ಇವತ್ತು ಒಂದೇ ಕೆಲಸ ಇಟ್ಕೊಂಡು ಮಾತಾಡ್ತೀನಿ. ಮುಂದಿನ ಚಕ್ರದ ಆಕ್ಸಲ್, ಅಂದ್ರೆ ಡ್ರೈವ್ ಶಾಫ್ಟ್, ಗೇರ್ ಬಾಕ್ಸಿಂದ ಹೊರಗೆ ತೆಗೆಯೋದು.

ಯಾಕೆ ಇದೇ ಕೆಲಸ? ಯಾಕಂದ್ರೆ ನಮ್ಮ ದಾರಿಗಳಲ್ಲಿ ಮೊದಲು ಸಾಯೋದು ಇದರ ರಬ್ಬರ್ ಬೂಟು. 1983ರ ಡಿಸೆಂಬರಲ್ಲಿ ಮಾರುತಿ 800 ಬಂತು. ಅದಕ್ಕೂ ಮುಂಚೆ ಅಂಬಾಸಿಡರ್, ಪದ್ಮಿನಿ ಎಲ್ಲಾ ಹಿಂದಿನ ಚಕ್ರ ತಿರುಗಿಸೋ ಗಾಡಿಗಳು. 800 ಬಂದ ಮೇಲೆ ಮುಂದಿನ ಚಕ್ರವೇ ಗಾಡಿ ಎಳೆಯೋಕೂ ಬೇಕು, ತಿರುವು ತಗೊಳ್ಳೋಕೂ ಬೇಕು ಅಂತಾಯ್ತು. ಅದಕ್ಕೇ ಆಕ್ಸಲ್ಲಿನ ಎರಡೂ ತುದೀಲಿ ಮಡಚೋ ಜಾಯಿಂಟು. ಚಕ್ರದ ಕಡೆ ಸಾಮಾನ್ಯವಾಗಿ ಆರು ಗೋಲಿಯ ಸಿವಿ ಜಾಯಿಂಟು, ಗೇರ್ ಬಾಕ್ಸ್ ಕಡೆ ಹೆಚ್ಚಿನ ಸಣ್ಣ ಕಾರುಗಳಲ್ಲಿ ಮೂರು ರೋಲರಿನ ಟ್ರೈಪಾಡ್ ಜಾಯಿಂಟು. ಎರಡಕ್ಕೂ ಮೇಲೊಂದು ರಬ್ಬರ್ ಬೂಟು, ಒಳಗೆ ಗ್ರೀಸು. ತೊಗರಿ ಕೂಳೆ, ಜಾಲಿ ಮುಳ್ಳು, ಕಲ್ಲು ದಾರಿ, ಬಿಸಿಲು, ಇಲಿ ಇವುಗಳಲ್ಲಿ ಯಾವುದೋ ಒಂದು ಆ ಬೂಟನ್ನ ಹರಿಯುತ್ತೆ. ಗ್ರೀಸ್ ಹೊರಗೆ ಹಾರುತ್ತೆ, ಮಣ್ಣು ಒಳಗೆ ಹೋಗುತ್ತೆ. ಸ್ವಲ್ಪ ದಿನಕ್ಕೆ ತಿರುವಲ್ಲಿ ಕಟ ಕಟ ಸದ್ದು ಶುರು.

ಈಗ ಗ್ಯಾರೇಜಿಗೆ ಹೋಗಿ. ನನಗೆ ಒಂದು ದೊಡ್ಡ ಗ್ಯಾರೇಜಲ್ಲಿ ಸಿಕ್ಕ ಉತ್ತರ ಇದು: "ಆಕ್ಸಲ್ ಪೂರ್ತಿ ಚೇಂಜ್ ಮಾಡ್ಬೇಕು ಸಾರ್. ಬೂಟ್ ಮಾತ್ರ ಹಾಕಲ್ಲ, ಗ್ಯಾರಂಟಿ ಕೊಡೋಕಾಗಲ್ಲ." ಸದ್ದು ಇನ್ನೂ ಶುರುವಾಗಿರಲಿಲ್ಲ. ಬೂಟು ಹರಿದು ಗ್ರೀಸು ರಿಮ್ಮಿನ ಒಳಮೈಗೆ ಮೆತ್ಕೊಂಡಿತ್ತು, ಅಷ್ಟೇ. ಬೂಟ್ ಕಿಟ್ಟು ನೂರರ ಲೆಕ್ಕ, ಆಕ್ಸಲ್ಲು ಸಾವಿರದ ಲೆಕ್ಕ. ಒಂದು ರಬ್ಬರಿಗೆ ಸಾವಿರಗಟ್ಟಲೆ ಯಾಕೆ ಕೊಡ್ಬೇಕು ಅಂತ ಕೇಳೋ ಧೈರ್ಯ ನಮಗೆ ಯಾಕಿಲ್ಲ? ಒಳಗೇನಿದೆ ಅಂತ ಗೊತ್ತಿಲ್ಲ, ಅದಕ್ಕೇ. ಗೊತ್ತಿಲ್ಲದವನು ಚೌಕಾಸಿ ಮಾಡೋಕಾಗಲ್ಲ. ತೆಂಗಿನಕಾಯಿ ಕೈಲಿ ಅಲ್ಲಾಡಿಸಿ ಒಳಗೆ ನೀರಿದೆಯೋ ಇಲ್ವೋ ಹೇಳೋ ನಾವು, ಬಿಲ್ಲು ಬಂದ ಕೂಡ್ಲೇ ಜೇಬಿಗೆ ಕೈ ಹಾಕ್ತೀವಿ.

ಇದು ನಮ್ಮೊಬ್ಬರ ಗೋಳಲ್ಲ. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳ ಮೇಲೆ 2,544 ಕೋಟಿ ರೂಪಾಯಿ ದಂಡ ಹಾಕ್ತು. ಅಸಲಿ ಬಿಡಿಭಾಗ, ರಿಪೇರಿ ಮಾಹಿತಿ, ತಪಾಸಣೆ ಉಪಕರಣ ಹೊರಗಿನ ಮೆಕ್ಯಾನಿಕ್‌ಗಳಿಗೆ ಸಿಗದ ಹಾಗೆ ಮಾರುಕಟ್ಟೆ ಕಟ್ಟಿಹಾಕಿದ್ದಾರೆ ಅನ್ನೋದು ಕಾರಣ. ಕಂಪನಿಗಳು ಮೇಲ್ಮನವಿಗೆ ಹೋದವು, ಅದು ಬೇರೆ ಕಥೆ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 'ರಿಪೇರಿ ಹಕ್ಕು' ಬಗ್ಗೆ ಸಮಿತಿ ಮಾಡ್ತು, ಅದೇ ವರ್ಷ ಡಿಸೆಂಬರ್ 24ಕ್ಕೆ ಪೋರ್ಟಲ್ಲೂ ತೆರೀತು. ಕೃಷಿ ಯಂತ್ರವೂ ಆ ಪಟ್ಟಿಯಲ್ಲಿದೆ, ವಾಹನವೂ ಇದೆ. ಹಕ್ಕು ಕಾಗದದಲ್ಲಿ ಬಂದ್ರೆ ಸಾಲದು ಸ್ವಾಮಿ. ಸ್ಪ್ಯಾನರ್ ಹಿಡಿಯೋ ಕೈ ಇಲ್ದೆ ಇದ್ರೆ ಆ ಹಕ್ಕು ಇಟ್ಕೊಂಡು ಏನು ಮಾಡೋದು?

ಸರಿ, ಕೆಲಸ ಏನು ಅಂತ ಹೇಳ್ತೀನಿ. ಕಷ್ಟ ಎಲ್ಲಿದೆ, ಎಲ್ಲಿಲ್ಲ, ನೀವೇ ನೋಡಿ. ಇದು ಮ್ಯಾನ್ಯುವಲ್ ಗೇರಿನ ಸಣ್ಣ ಕಾರಿನ ಮಾತು. ಆಟೋಮ್ಯಾಟಿಕ್ ಗಾಡಿ ಬಿಟ್ಬಿಡಿ. ವಾರಂಟಿ ಇರೋ ಹೊಸ ಗಾಡಿಗೂ ಕೈ ಹಾಕಬೇಡಿ.

ಮೊದಲು ಗೇರ್ ಆಯಿಲ್ ತುಂಬೋ ಪ್ಲಗ್ ಬಿಚ್ಚುತ್ತಾ ನೋಡಿ, ಆಮೇಲೆ ಇಳಿಸೋ ಪ್ಲಗ್ಗಿಗೆ ಕೈ ಹಾಕಿ. ಆಯಿಲ್ ಇಳಿಸಿಬಿಟ್ಟು, ತುಂಬೋ ಪ್ಲಗ್ ಜಾಮ್ ಅಂದ್ರೆ ಗಾಡಿ ಅಲ್ಲೇ ಕೂರುತ್ತೆ. ಹಬ್ಬಿನ ದೊಡ್ಡ ನಟ್ಟನ್ನ ಚಕ್ರ ನೆಲದ ಮೇಲಿರುವಾಗಲೇ, ಒಬ್ಬರು ಬ್ರೇಕ್ ಒತ್ತಿ ಹಿಡಿದಿರುವಾಗ ಸಡಿಲ ಮಾಡ್ಬೇಕು. ಅದರ ಪಿನ್ನನ್ನೋ, ಬಡಿದ ಅಂಚನ್ನೋ ಮೊದಲು ಬಿಡಿಸಿ.

ಆಮೇಲೆ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ಜಾಕ್ ಹಾಕಿ. ಜಾಕ್ ಇರೋದು ಎತ್ತೋಕೆ, ಹೊತ್ಕೊಂಡು ನಿಲ್ಲೋಕಲ್ಲ. ಸ್ಟ್ಯಾಂಡ್ ಇಲ್ದೆ ಕೆಳಗೆ ಹೋಗಲೇಬೇಡಿ. ಸಿಮೆಂಟ್ ಇಟ್ಟಿಗೆ ಜೋಡಿಸಿ ಅದರ ಮೇಲೆ ಗಾಡಿ ಕೂರಿಸೋರನ್ನ ಕಂಡಿದೀನಿ. ಆ ಇಟ್ಟಿಗೆ ಮುನ್ಸೂಚನೆ ಕೊಟ್ಟು ಒಡೆಯಲ್ಲ.

ಆಯಿಲ್ ಇಳಿಸಿ, ಚಕ್ರ ತೆಗೀರಿ. ಕೆಳಗಿನ ಬಾಲ್ ಜಾಯಿಂಟ್ ಬಿಡಿಸಿ. ಕೆಲವು ಗಾಡಿಗೆ ಸ್ಟೆಬಿಲೈಸರ್ ಬಾರೂ ಬಿಚ್ಚಬೇಕಾಗುತ್ತೆ. ನಕಲ್ ಹೊರಕ್ಕೆ ವಾಲಿಸಿದ್ರೆ ಆಕ್ಸಲ್ ತುದಿ ಹಬ್ಬಿಂದ ಒಳಗೆ ಸರಿಯುತ್ತೆ. ಸರೀಲಿಲ್ಲ ಅಂದ್ರೆ ನಟ್ಟನ್ನ ತುದಿಗೆ ಸಮವಾಗಿ ಹಾಕಿ, ಮರದ ತುಂಡಿಟ್ಟು ಬಡೀರಿ. ಬರೀ ಥ್ರೆಡ್ಡಿಗೆ ಸುತ್ತಿಗೆ ಏಟು ಬೀಳಬಾರದು. ಬ್ರೇಕ್ ಪೈಪ್ ಎಳೆದಂಗೆ ಇರಬಾರದು, ಆಕ್ಸಲ್ಲೂ ನೇತಾಡಬಾರದು, ತಂತಿಯಲ್ಲಿ ಕಟ್ಟಿ ನಿಲ್ಲಿಸಿ.

ಇನ್ನು ಎಲ್ಲರೂ ಹೆದರೋ ಜಾಗ, ಗೇರ್ ಬಾಕ್ಸ್ ಕಡೆ. ಅಲ್ಲಿ ಹಿಡ್ಕೊಂಡಿರೋದು ಏನು ಗೊತ್ತಾ? ಶಾಫ್ಟಿನ ತುದಿ ಗಾಡಿಯಲ್ಲಿ ಕೂತಿರೋ ಸಣ್ಣ ತಂತಿ ಉಂಗುರ, ಸರ್ಕ್ಲಿಪ್ಪು. ಹೆಚ್ಚಿನ ಸಣ್ಣ ಕಾರುಗಳಲ್ಲಿ ಇಷ್ಟೇ. ಜಾಯಿಂಟಿನ ಕಪ್ಪಿಗೂ ಗೇರ್ ಬಾಕ್ಸ್ ಮೈಗೂ ನಡುವೆ ಚಪ್ಪಟೆ ಲಿವರ್ ಕೊಟ್ಟು, ಒಂದು ಗಟ್ಟಿ ಮೀಟು ಹಾಕಿದ್ರೆ ಟಕ್ ಅಂತ ಹೊರಗೆ ಬರುತ್ತೆ. ಲಿವರ್ ಆಳಕ್ಕೆ ತೂರಿಸಿದ್ರೆ ಆಯಿಲ್ ಸೀಲ್ ಹರಿಯುತ್ತೆ. ಗೇರ್ ಬಾಕ್ಸ್ ಮೈ ಅಲ್ಯೂಮಿನಿಯಂ, ಸಿಕ್ಕಿದ ಕಡೆ ಮೀಟಿದ್ರೆ ಸೀಳುತ್ತೆ. ಶಾಫ್ಟನ್ನ ಹಿಡಿದು ಎಳೀಬೇಡಿ. ಎಳೆದ್ರೆ ಟ್ರೈಪಾಡ್ ಕಪ್ಪಿಂದ ಕಳಚಿಕೊಳ್ಳುತ್ತೆ, ಕಪ್ಪು ಗೇರ್ ಬಾಕ್ಸಲ್ಲೇ ಉಳಿಯುತ್ತೆ. ಮತ್ತೊಂದು ಮಾತು, ಎರಡೂ ಕಡೆ ಒಟ್ಟಿಗೆ ತೆಗೀಬೇಡಿ. ಕೆಲವು ಗೇರ್ ಬಾಕ್ಸಲ್ಲಿ ಒಳಗಿನ ಸೈಡ್ ಗೇರ್ ಜಾರಿಬಿಡುತ್ತೆ. ಒಂದು ಮುಗಿಸಿ ಇನ್ನೊಂದು.

ಇದೇ ಕಾರಣಕ್ಕೆ ನನಗೆ ಇನ್ನೊಂದು ಗುಂಪಿನ ಮೇಲೂ ಸಿಟ್ಟು. ವಿಡಿಯೋ ನೋಡ್ಕೊಂಡು ಹಾರೆ ತಗೊಂಡು ನುಗ್ಗೋ ವೀರರು. ಹೆದರೋರು ಗ್ಯಾರೇಜಿಗೆ ದುಡ್ಡು ಸುರೀತಾರೆ, ಇವರು ಗೇರ್ ಬಾಕ್ಸ್ ಒಡೆದು ಆಮೇಲೆ ಅದೇ ಗ್ಯಾರೇಜಿಗೆ ಎರಡರಷ್ಟು ಸುರೀತಾರೆ. "ಮನೇಲಿ ಮಾಡಿದ್ರೆ ಹಿಂಗೇ ಆಗೋದು" ಅನ್ನೋ ಮಾತಿಗೆ ಸಾಕ್ಷಿ ಒದಗಿಸೋದು ಇವರೇ. ಮನೇಲಿ ಮಾಡೋದು ಅಂದ್ರೆ ಹೆಂಗೆಂಗೋ ಮಾಡೋದು ಅಂತಲ್ಲ. ಬದನೆ ಸಸಿಗೆ ಕಸಿ ಕಟ್ಟುವಾಗ ಎಷ್ಟು ನಾಜೂಕು ಬೇಕೋ ಸೀಲಿನ ಹತ್ರವೂ ಅಷ್ಟೇ ಬೇಕು.

ಹೊರಗೆ ಬಂದ ಮೇಲೆ ತೀರ್ಮಾನ ನಿಮ್ಮದು. ಗೋಲಿ, ಒಳಗಿನ ದಾರಿ ನುಣುಪಾಗಿದ್ದು ಸದ್ದಿಲ್ಲ ಅಂದ್ರೆ ತೊಳೆದು, ಹೊಸ ಗ್ರೀಸ್ ತುಂಬಿ, ಹೊಸ ಬೂಟು ಹಾಕಿ. ಕಿಟ್ಟಿನ ಜೊತೆ ಬರೋ ಗ್ರೀಸೇ ಹಾಕಬೇಕು, ಟ್ರಾಕ್ಟರಿನ ಗ್ರೀಸ್ ಗನ್ನಲ್ಲಿರೋದು ಇದಕ್ಕಲ್ಲ. ಗುಳಿ ಬಿದ್ದಿದ್ರೆ, ತಿರುವಲ್ಲಿ ಸದ್ದು ಬರ್ತಿದ್ರೆ ಹೊಸ ಜಾಯಿಂಟೋ ಆಕ್ಸಲ್ಲೋ ತಗೊಳ್ಳಿ, ಅಲ್ಲಿ ಜಿಪುಣತನ ಬೇಡ. ಆಗ ಗ್ಯಾರೇಜಿನವರು ಹೇಳಿದ್ದು ಸರಿನೇ. ಆದ್ರೆ ಸರಿ ಅಂತ ನೀವು ಕಣ್ಣಾರೆ ನೋಡಿ ಒಪ್ಪಿದ್ದು, ಅವರು ಹೇಳಿದ್ರು ಅಂತ ಒಪ್ಪಿದ್ದಲ್ಲ.

ಕೂರಿಸುವಾಗ ಹೊಸ ಸರ್ಕ್ಲಿಪ್ಪು, ಸೀಲಿನ ತುಟಿಗೆ ಸ್ವಲ್ಪ ಗ್ರೀಸು. ಕ್ಲಿಕ್ ಅನ್ನೋ ತನಕ ತಳ್ಳಿ, ಆಮೇಲೆ ಕಪ್ಪನ್ನ ಹಿಡಿದು ಮೆಲ್ಲಗೆ ಎಳೆದು ಪರೀಕ್ಷೆ ಮಾಡಿ. ಬಂದ್ರೆ ಕೂತಿಲ್ಲ ಅಂತ. ಆಯಿಲ್ ಮ್ಯಾನ್ಯುವಲ್ ಹೇಳಿದ ಗ್ರೇಡೇ ತುಂಬಿ. ಹಬ್ ನಟ್ಟು ಮಾತ್ರ ಅಂದಾಜಲ್ಲಿ ಬಿಗೀಬೇಡಿ. ಟಾರ್ಕ್ ವ್ರೆಂಚಲ್ಲಿ, ನಿಮ್ಮ ಗಾಡಿಯ ಮ್ಯಾನ್ಯುವಲ್ಲಿನ ಅಳತೆಗೇ ಬಿಗೀಬೇಕು. ಬೇರಿಂಗಿನ ಆಯಸ್ಸು ಆ ಬಿಗಿಯ ಮೇಲೇ ನಿಂತಿದೆ. ಆಕ್ಸಲ್ ಇಲ್ದೆ ಚಕ್ರದ ಮೇಲೆ ಗಾಡಿ ಇಳಿಸಿ ತಳ್ಳೋದೂ ಅದೇ ಕಾರಣಕ್ಕೆ ಬೇಡ. ಹಳೇ ಆಯಿಲ್ ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ. ಬೋರ್ ಪಕ್ಕ ಸುರಿದು ಅದೇ ನೀರು ಕುಡೀಬೇಡಿ.

"ಪ್ರಾಣದ ವಿಷಯ ಅಲ್ವೇನಪ್ಪಾ" ಅಂತ ಹಿರಿಯರು ಕೇಳ್ತಾರೆ. ಹೌದು. ಅದಕ್ಕೇ ಹೇಳಿದ್ದು, ಸ್ಟ್ಯಾಂಡು ಮತ್ತು ಟಾರ್ಕ್ ವ್ರೆಂಚು ಇಲ್ದೆ ಶುರು ಮಾಡಬೇಡಿ ಅಂತ. ಅವೆರಡಿದ್ರೆ ನಿಮ್ಮ ಗಾಡಿ ಬಗ್ಗೆ ನಿಮ್ಮಷ್ಟು ಕಾಳಜಿ ಬೇರೆ ಯಾರಿಗಿರುತ್ತೆ?

"ಮೆಕ್ಯಾನಿಕ್ ಹೊಟ್ಟೆ ಮೇಲೆ ಹೊಡೀತೀರಾ" ಅಂತಲೂ ಕೇಳಬಹುದು. ಇಲ್ಲ. ನಮ್ಮೂರ ಸರ್ಕಲ್ಲಲ್ಲಿ ಬಿಸಿಲಲ್ಲಿ ಕೂತು ಬೂಟು ಮಾತ್ರ ಬದಲಾಯಿಸಿ ಕೂಲಿ ತಗೊಳ್ಳೋ ಹುಡುಗನ ವಿರುದ್ಧ ನಾನೊಂದು ಅಕ್ಷರ ಬರೆಯಲ್ಲ. ಕೈಲಾಗದಿದ್ರೆ ಅವನ ಹತ್ರ ಹೋಗಿ, ಪಕ್ಕದಲ್ಲಿ ನಿಂತು ನೋಡಿ, ಕೇಳಿದಷ್ಟು ಕೊಡಿ. ನನ್ನ ಜಗಳ "ಪೂರ್ತಿ ಚೇಂಜ್" ಅನ್ನೋ ಎರಡು ಪದದ ಜೊತೆ. ಅವು ಅವನ ಕೆಲಸವನ್ನೂ ಕಿತ್ಕೊಳ್ತವೆ, ನಮ್ಮ ದುಡ್ಡನ್ನೂ ಕಿತ್ಕೊಳ್ತವೆ.

"ಟೈಮೆಲ್ಲಿದೆ" ಅನ್ನೋರಿಗೆ ಒಂದು ಪ್ರಶ್ನೆ. ಬೆಳಿಗ್ಗೆ ಗಾಡಿ ಬಿಟ್ಟು, ಬಸ್ಸಲ್ಲಿ ವಾಪಸ್ ಬಂದು, "ಸ್ಪೇರ್ ಬಂದಿಲ್ಲ, ನಾಳಿದ್ದು ಬನ್ನಿ" ಅನ್ನಿಸ್ಕೊಂಡು ಮತ್ತೆ ಹೋಗಿ ತರೋದಕ್ಕೆ ಎಷ್ಟು ದಿನ ಹೋಯ್ತು? ಟೊಮೇಟೊ ಕ್ರೇಟು ಕಾಯಲ್ಲ, ರಾತ್ರಿ ಹೊಟ್ಟೆನೋವು ಬಂದ ಮಗೂನೂ ಕಾಯಲ್ಲ. ಹಳ್ಳಿ ಮನೇಲಿ ಕಾರು ಅಂದ್ರೆ ಶೋಕಿ ಅಲ್ಲ, ಅದೇ ಆಂಬ್ಯುಲೆನ್ಸು, ಅದೇ ಲಗೇಜು.

ಕೊನೇದಾಗಿ ಒಂದು ಪ್ರಸ್ತಾಪ. ಬೋರ್ ಎತ್ತೋ ಚೈನ್ ಪುಲ್ಲಿಯನ್ನ ಹತ್ತು ಮನೆ ಸೇರಿ ಬಳಸ್ತೀವಿ. ಹಾಗೇ ನಾಲ್ಕೈದು ಮನೆ ಸೇರಿ ಒಂದು ಜೊತೆ ಸ್ಟ್ಯಾಂಡು, ಒಂದು ಟಾರ್ಕ್ ವ್ರೆಂಚು, ಹಬ್ ನಟ್ಟಿನ ಸಾಕೆಟ್ಟು, ಸರ್ಕ್ಲಿಪ್ ಇಕ್ಕಳ ತಗೊಳ್ಳೋಣ. ಐಟಿಐ ಮಾಡಿ ಮನೇಲಿರೋ ಹುಡುಗ್ರು ಊರಿಗೊಬ್ಬರಾದ್ರೂ ಇದಾರೆ, ಅವರನ್ನ ಮುಂದೆ ಬಿಟ್ಟು ನಾವು ಕೈ ಜೋಡಿಸೋಣ. ಈ ಮಳೆಗಾಲಕ್ಕೆ ಮುಂಚೆ ನಿಮ್ಮ ಗಾಡಿಯ ಸ್ಟೇರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ, ಚಕ್ರದ ಹಿಂದೆ ಟಾರ್ಚ್ ಬಿಟ್ಟು ನಾಲ್ಕೂ ಬೂಟು ನೋಡಿ. ಬಿರುಕು ಕಂಡ್ರೆ ಕೆಳಗೆ ಬರೀರಿ, ಯಾವ ಊರು ಅಂತನೂ ಹಾಕಿ. ಹತ್ರದವರು ಸೇರ್ಕೊಂಡು ಬಿಚ್ಚೋಣ.