ಅಂಡಮಾನಿನ ಬೆಳಗಿನ ಬಿಸಿಲು ನಿಜಕ್ಕೂ ಎಳೆಬಿಸಿಲೇ?

ರಜೆಗೆಂದು ಬೆಂಗಳೂರಿನಿಂದ ಅಂಡಮಾನಿಗೆ ಹೋಗುವ ಕುಟುಂಬಗಳ ದಿನಚರಿ ಹೆಚ್ಚುಕಡಿಮೆ ಒಂದೇ. ಹ್ಯಾವ್‌ಲಾಕ್‌ನಲ್ಲಿ (2018ರಿಂದ ಇದರ ಅಧಿಕೃತ ಹೆಸರು ಸ್ವರಾಜ್ ದ್ವೀಪ) ಎರಡು ಮೂರು ದಿನ ವಿಶ್ರಾಂತಿ. ತಿಂಡಿ ಮುಗಿಸಿ ಒಂಬತ್ತಕ್ಕೆ ರಾಧಾನಗರ ತೀರದಲ್ಲಿ ನೀರಿಗಿಳಿಯುವುದು, ಹನ್ನೆರಡಕ್ಕೆ ವಾಪಸು. "ಮಧ್ಯಾಹ್ನದ ಬಿಸಿಲು ತಪ್ಪಿಸಿಕೊಂಡೆವು" ಎಂಬ ಸಮಾಧಾನ ಬೇರೆ. ರಾತ್ರಿಯಾಗುವಷ್ಟರಲ್ಲಿ ಮಗುವಿನ ಬೆನ್ನು ಕೆಂಪಗಾಗಿ, ಅಂಗಾತ ಮಲಗಲಾರದೆ ಅಳುತ್ತದೆ. ಎಡವಟ್ಟಾಗಿದ್ದು ಎಲ್ಲಿ?

ಮೊದಲನೆಯದು ಗಡಿಯಾರ. ನಮ್ಮ ದೇಶದ ಸಮಯವನ್ನು 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಸಲಾಗಿದೆ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಹ್ಯಾವ್‌ಲಾಕ್ ಇರುವುದು ಸುಮಾರು 93 ಡಿಗ್ರಿಯಲ್ಲಿ, ಬೆಂಗಳೂರು 77.6ರಲ್ಲಿ. ನಡುವಿನ ಅಂತರ 15 ಡಿಗ್ರಿಗಿಂತ ತುಸು ಹೆಚ್ಚು, ಅಂದರೆ ಒಂದು ಗಂಟೆ. ಗಡಿಯಾರ ಒಂದೇ, ಸೂರ್ಯ ಮಾತ್ರ ಅಲ್ಲಿ ಒಂದು ಗಂಟೆ ಮುಂದೆ. ಅಲ್ಲಿನ ಒಂಬತ್ತರ ಬಿಸಿಲು ನಮ್ಮ ಊರಿನ ಹತ್ತರ ಬಿಸಿಲು. ಸೂರ್ಯ ಅತಿ ಎತ್ತರಕ್ಕೇರುವುದು ಬೆಂಗಳೂರಿನಲ್ಲಿ ಸರಾಸರಿ 12.20ಕ್ಕಾದರೆ ಅಲ್ಲಿ 11.20ರ ಆಸುಪಾಸಿನಲ್ಲೇ. ಒಂಬತ್ತರಿಂದ ಹನ್ನೆರಡು ಎಂದರೆ ದಿನದ ಅತಿ ಕಟುವಾದ ಹೊತ್ತನ್ನೇ ಹುಡುಕಿಕೊಂಡು ಹೋದಂತೆ! ಚಳಿಗಾಲದಲ್ಲಿ ಅಲ್ಲಿ ಸಂಜೆ ಐದರ ಸುಮಾರಿಗೇ ಸೂರ್ಯ ಮುಳುಗುವುದೂ ಇದೇ ಕಾರಣಕ್ಕೆ.

"ನಮಗೆ ಬಿಸಿಲು ಹೊಸದೇ?" ಎಂದು ಕೆಲವರು ಕೇಳಬಹುದು. ಮಾತು ಸರಿಯೇ. ಬೆಂಗಳೂರು, ಹ್ಯಾವ್‌ಲಾಕ್ ಎರಡೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ, ಸೂರ್ಯ ಏರುವ ಎತ್ತರದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಆದರೆ ಊರಿನಲ್ಲಿ ನಾವು ಬರೀ ಮೈಯಲ್ಲಿ ಮೂರು ಗಂಟೆ ಬಯಲಲ್ಲಿ ಇರುವುದುಂಟೇ? ಶಾಲೆ, ಕಚೇರಿಯ ಸೂರಿನಡಿ ಇರುವ ಚರ್ಮ ಒಮ್ಮೆಗೇ ಕಡಲಿಗೆ ಬರುತ್ತದೆ. ಕಪ್ಪು ಚರ್ಮಕ್ಕೆ ಸುಡುವುದಿಲ್ಲ ಎಂಬುದು ಅರ್ಧಸತ್ಯ. ಮೆಲನಿನ್ ಸ್ವಲ್ಪ ರಕ್ಷಣೆ ಕೊಡುತ್ತದೆ, ಪೂರ್ತಿ ಅಲ್ಲ.

ಇನ್ನೊಂದು ನಂಬಿಕೆ ಇನ್ನೂ ಅಪಾಯಕಾರಿ: ಸೆಕೆ ಇಲ್ಲದಿದ್ದರೆ ಬಿಸಿಲೂ ಇಲ್ಲ ಎನ್ನುವುದು. ಚರ್ಮ ಸುಡುವುದು ನೇರಳಾತೀತ ಕಿರಣಗಳಿಂದ. ನಮಗೆ ಬಿಸಿ ಎನಿಸುವುದು ಮುಖ್ಯವಾಗಿ ಅವಕೆಂಪು ಕಿರಣಗಳಿಂದ. ನೇರಳಾತೀತವನ್ನು ಚರ್ಮ ಗುರುತಿಸುವುದೇ ಇಲ್ಲ. ಕಡಲ ಗಾಳಿ, ಒದ್ದೆ ಮೈ ತಂಪೆನಿಸುತ್ತವೆ, ಅಷ್ಟೇ. ತೆಳು ಮೋಡವೂ ಈ ಕಿರಣಗಳನ್ನು ಹೆಚ್ಚೇನೂ ತಡೆಯದು. ನೀರಿನೊಳಗೆ ಅರ್ಧ ಮೀಟರ್ ಆಳದಲ್ಲೂ ಮೇಲ್ಮೈಯ ಸುಮಾರು 40%ರಷ್ಟು ಇರುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಣ ಮರಳು ಮತ್ತು ಅಲೆಯ ನೊರೆ ಕೆಳಗಿನಿಂದಲೂ ಪ್ರತಿಫಲಿಸುವುದರಿಂದ ಛತ್ರಿಯಡಿ ಕೂತರೂ ಪೂರ್ತಿ ಬಚಾವಾಗುವುದಿಲ್ಲ. ಕೆಂಪಾಗುವುದೂ ಕೂಡಲೇ ಅಲ್ಲ, ಕೆಲವು ಗಂಟೆಗಳ ನಂತರ. ಆದ್ದರಿಂದ "ಉರಿ ಶುರುವಾದರೆ ಎದ್ದು ಬರೋಣ" ಎನ್ನುವ ಲೆಕ್ಕ ಇಲ್ಲಿ ನಡೆಯದು.

ಹಾಗಾದರೆ ಏನು ಮಾಡಬೇಕು? ಗಡಿಯಾರ ಬಿಟ್ಟು ಮಕ್ಕಳಿಗೆ ನೆರಳು ನೋಡಲು ಕಲಿಸಿ. ನೆರಳು ನಮಗಿಂತ ಗಿಡ್ಡವಾಗಿದ್ದರೆ ಮರದಡಿಗೆ, ಉದ್ದವಾಗಿದ್ದರೆ ನೀರಿಗೆ. ಅಲ್ಲಿ ಬೆಳಿಗ್ಗೆ ಬೇಗ ಬೆಳಕಾಗುವುದರಿಂದ ಆರರಿಂದ ಎಂಟೂವರೆ ಆಟಕ್ಕೆ ಬಲು ಚೆನ್ನ; ಮತ್ತೆ ಮೂರರ ಮೇಲೆ. ಉದ್ದ ತೋಳಿನ ಈಜುಡುಪು ಯಾವ ಕ್ರೀಮಿಗಿಂತಲೂ ಮೇಲು ಎಂಬುದು ನಮ್ಮ ಅಭಿಪ್ರಾಯ, ಏಕೆಂದರೆ ಅದು ನೀರಿನಲ್ಲಿ ತೊಳೆದುಹೋಗುವುದಿಲ್ಲ. ಉಳಿದ ಭಾಗಕ್ಕೆ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಧಾರಾಳವಾಗಿ ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತು ನೀರಿನಿಂದ ಬಂದ ಮೇಲೆ ಮತ್ತೆ ಹಚ್ಚಿ. ಕೊಬ್ಬರಿ ಎಣ್ಣೆ ಇದಕ್ಕೆ ಬದಲಿ ಅಲ್ಲ. ಆಕ್ಸಿಬೆನ್‌ಜೋನ್ ಇರುವುದನ್ನು ಬಿಡುವುದು ಒಳ್ಳೆಯದು. ಹವಳಕ್ಕೆ ಹಾನಿಯಾಗಬಹುದೆಂಬ ಕಾಳಜಿಯಿಂದ ಹವಾಯಿ 2021ರಿಂದ ಅಂಥವುಗಳ ಮುಕ್ತ ಮಾರಾಟ ನಿಲ್ಲಿಸಿದೆ. ಆರು ತಿಂಗಳೊಳಗಿನ ಕೂಸನ್ನು ನೆರಳಿನಲ್ಲೇ ಇಡಿ.

ಸುಟ್ಟೇ ಹೋದರೆ ತಣ್ಣೀರಿನ ಬಟ್ಟೆ ಹಾಕಿ, ಸಾಕಷ್ಟು ನೀರು ಕುಡಿಸಿ. ಟೂತ್‌ಪೇಸ್ಟ್, ಐಸ್ ಗಡ್ಡೆ ಬೇಡ. ಬೊಬ್ಬೆ ಎದ್ದರೆ ಒಡೆಯಬೇಡಿ. ಜೊತೆಗೆ ಜ್ವರ, ವಾಂತಿ ಬಂದರೆ, ಅಥವಾ ಮಗು ಮಂಕಾದರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ.