ಜೋಡಿ ಲೆಕ್ಕದ ಸಿಂಗಳೀಕ

ಶರಾವತಿ ಕಣಿವೆಯ ಸಿಂಗಳೀಕಗಳ ಮಾತು ಬಂದಾಗ ಹಿರಿಯ ಮಿತ್ರರೊಬ್ಬರು ನಕ್ಕು ಅಂದರು: “ಅದಕ್ಕೇಕೆ ಇಷ್ಟು ಸಂಕಟ, ಸ್ವಾಮಿ? ಮೃಗಾಲಯದಲ್ಲಿ ನಾಲ್ಕು ಜೋಡಿ ಇಟ್ಟರಾಯಿತು. ನಾಡಿಗೆ ಬೆಳಕೂ ಸಿಕ್ಕೀತು, ಕೋತಿಯೂ ಉಳಿದೀತು.”

ಮಾತು ಕೇಳುವುದಕ್ಕೆ ಸೊಗಸಾಗಿದೆ. ಒಪ್ಪುವುದು ಮಾತ್ರ ನನ್ನಿಂದಾಗದು.

ಮುಖದ ಸುತ್ತ ಬೆಳ್ಳಿಗೂದಲು, ಬಾಲದ ತುದಿಗೆ ಸಿಂಹದ ಕುಚ್ಚು ಇರುವ ಈ ಪ್ರಾಣಿಗೆ ಪಶ್ಚಿಮಘಟ್ಟವೊಂದೇ ತವರು. ಮೂರು ರಾಜ್ಯಗಳ ಕಾಡುಗಳಲ್ಲಿ ಸೇರಿ ಸುಮಾರು 4,000 ಇರಬಹುದೆಂದು ಬಲ್ಲವರ ಅಂದಾಜು. ಇದರ ಸಂಸಾರವೆಲ್ಲ ಮರದ ಮೇಲೆ. ಸೂಲಿಗೆ ಸಾಮಾನ್ಯವಾಗಿ ಒಂದೇ ಮರಿ. ನಡುವೆ ಅಗಲವಾದ ರಸ್ತೆ ಬಿದ್ದರೆ ಆಚೆಯ ಹಿಂಡಿಗೂ ಈಚೆಯ ಹಿಂಡಿಗೂ ಕೊಟ್ಟು ತರುವ ನಂಟೇ ಕಡಿದುಹೋಗುತ್ತದೆ.

ಮೃಗಾಲಯವನ್ನು ನಾನು ಹಳಿಯುವವನಲ್ಲ. ಬ್ರೆಜಿಲ್ ದೇಶದ ಹೊಂಬಣ್ಣದ ಟ್ಯಾಮರಿನ್ ಕೋತಿಗಳನ್ನು 1984ರಿಂದ ಮೃಗಾಲಯಗಳಿಂದಲೇ ತಂದು ಕಾಡಿಗೆ ಬಿಟ್ಟರು, ಅವು ಹೆಚ್ಚಿದವು. ಆದರೆ ಹತ್ತು ವರ್ಷ ಮೊದಲೇ, 1974ರಲ್ಲಿ, ಪೋಸೊ ದಾಸ್ ಆಂತಾಸ್ ಎಂಬ ಕಾಡನ್ನು ಕಾಯ್ದಿಟ್ಟಿದ್ದರು. ಮರಳುವುದಕ್ಕೆ ಮನೆಯಿತ್ತು. ನಾವಾದರೋ ಮನೆ ಕೆಡವಿ, ಮಕ್ಕಳನ್ನು ಅನಾಥಾಲಯಕ್ಕೆ ಸೇರಿಸಿ, ಕುಲೋದ್ಧಾರವಾಯಿತೆನ್ನ ಹೊರಟಿದ್ದೇವೆ!

ಸರ್ಕಾರವೇ 2011ರಲ್ಲಿ ಅಘನಾಶಿನಿಯ ಕಾಡನ್ನು ಸಿಂಗಳೀಕದ ಹೆಸರಿನಲ್ಲಿ ಮೀಸಲಿಟ್ಟಿತು. 2019ರಲ್ಲಿ ಶರಾವತಿ ಕಣಿವೆಯೊಡನೆ ಕೂಡಿಸಿ ಅಭಯಾರಣ್ಯವೆಂದು ಸಾರಿತು. ಅದೇ ಕಣಿವೆಯಲ್ಲಿ, ಗೇರುಸೊಪ್ಪೆಯ ನೀರನ್ನು ತಲಕಳಲೆಗೆತ್ತಿ ಮತ್ತೆ ಕೆಳಕ್ಕೆ ಧುಮುಕಿಸುವ 2,000 ಮೆಗಾವಾಟ್ ಯೋಜನೆಗೆ 2025ರಲ್ಲಿ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ತಾತ್ವಿಕ ಒಪ್ಪಿಗೆ ಕೊಟ್ಟಿತು. ಸುರಂಗ ನೆಲದೊಳಗೆ ಹೋಗುತ್ತದೆ, ಸರಿ. ಅದನ್ನು ಕೊರೆಯುವ ಯಂತ್ರಗಳು ಬರುವ ದಾರಿ ನೆಲದ ಮೇಲೆಯೇ ಹೋಗಬೇಕಲ್ಲವೆ? ಉಪ್ಪಾಗೆ ಹಣ್ಣು ಕೊಯ್ಯುವ ಹಳ್ಳಿಗನಿಗೆ “ಸಿಂಗಳೀಕಕ್ಕೂ ಪಾಲು ಬಿಡಪ್ಪಾ” ಎಂದು ಬುದ್ಧಿ ಹೇಳುವ ನಾವು, ಯೋಜನೆಯ ದೊಡ್ಡವರ ಮುಂದೆ ಅದೇ ಮಾತಾಡಲು ತಡವರಿಸುವುದೇಕೆ?

ಕೇರಳದ ಸೈಲೆಂಟ್ ವ್ಯಾಲಿಯಲ್ಲಿ ಇದೇ ಪ್ರಾಣಿಯ ಹೆಸರು ಹಿಡಿದು ಜನ ಹೋರಾಡಿದರು. ಅಣೆಕಟ್ಟು ನಿಂತಿತು, 1984ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಅದರಿಂದ ಕೇರಳವೇನೂ ಕತ್ತಲಲ್ಲಿ ಮುಳುಗಲಿಲ್ಲ.

ಮಿತ್ರರಲ್ಲಿ ನನ್ನ ವಿನಂತಿ ಇಷ್ಟೆ: ಜೋಡಿಗಳ ಲೆಕ್ಕ ಆಮೇಲೆ ಹಾಕೋಣ. ಮೊದಲು, ಆ ಮರಗಳ ಮೇಲಣ ದಾರಿಯನ್ನು ಕಡಿಯಬೇಡಿರೆಂಬ ಮನವಿಗೆ ನನ್ನೊಡನೆ ತಾವೂ ರುಜು ಹಾಕಿರಿ.